ಎಡಕ್ಕೋ ಬಲಕ್ಕೋ: ಔಟ್‌ರನ್ ಆಟ ಮತ್ತು ನಮ್ಮ ಘಟ್ಟದ ದಾರಿಗಳು

ಔಟ್‌ರನ್ ಅನ್ನುವ ಕಾರಿನ ವಿಡಿಯೋ ಆಟದಲ್ಲಿ ಸೋಲಿಸಬೇಕಾದವರು ಯಾರೂ ಇಲ್ಲ. ರಸ್ತೆ ಮೇಲೆ ಬೇರೆ ಕಾರು, ಲಾರಿ ಇರುತ್ತವೆ ನಿಜ. ಆದರೆ ಅವು ನಮ್ಮ ಜೊತೆ ಪಂದ್ಯಕ್ಕೆ ಬಂದವಲ್ಲ. ಅವುಗಳ ಪಾಡಿಗೆ ಅವು ಹೋಗುತ್ತಿರುತ್ತವೆ. ನಮ್ಮ ಹತ್ತಿರ ಇರುವುದು ಒಂದು ಕೆಂಪು ಕಾರು, ಪಕ್ಕದ ಸೀಟಿನಲ್ಲಿ ಒಬ್ಬಳು ಗೆಳತಿ, ಕಡಿಮೆಯಾಗುತ್ತಾ ಹೋಗುವ ಸಮಯ, ಮತ್ತೆ ಮುಂದೆ ರಸ್ತೆ. ಸ್ವಲ್ಪ ದೂರ ಹೋದ ಮೇಲೆ ಆ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋಗಬಹುದು, ಬಲಕ್ಕೂ ಹೋಗಬಹುದು. ಎರಡೂ ಸರಿಯೇ.

1986ರಲ್ಲಿ ಜಪಾನಿನ ಸೆಗಾ ಕಂಪನಿ ಇದನ್ನು ತಂದಿತು. ಮಾಡಿದವರು ಯು ಸುಜುಕಿ. ಅವತ್ತಿನ ಕಾರಿನ ಆಟಗಳಲ್ಲಿ ಹೆಚ್ಚಿನವು ಟ್ರ್ಯಾಕ್ ಸುತ್ತುವಂಥವು. ಎಷ್ಟು ಸುತ್ತು, ಎಷ್ಟನೇ ಸ್ಥಾನ, ಅಷ್ಟೇ ಲೆಕ್ಕ. ಸುಜುಕಿ ಆ ಟ್ರ್ಯಾಕನ್ನೇ ಬಿಟ್ಟುಬಿಟ್ಟರು. ಯುರೋಪಿಗೆ ಹೋಗಿ, ಬಾಡಿಗೆ ಕಾರು ಹಿಡಿದು, ಊರಿಂದ ಊರಿಗೆ ಓಡಾಡಿದರು. ಸಮುದ್ರದ ಬದಿಯ ರಸ್ತೆ, ಗುಡ್ಡದ ರಸ್ತೆ, ಹಳೇ ಪೇಟೆಯ ರಸ್ತೆ ಎಲ್ಲ ನೋಡಿಕೊಂಡು ಬಂದು ಕೂತು ಈ ಆಟ ಕಟ್ಟಿದರು. ಹಾಗಾಗಿ ಇದರಲ್ಲಿ ಗೆಲುವಿನ ಹಸಿವಿಗಿಂತ ತಿರುಗಾಟದ ಖುಷಿ ಜಾಸ್ತಿ. ದೂರದ ಊರಿಗೆ ಹೊರಟವರ ಹುರುಪು ಇದೆ.

ಮೂಲ ಆಟ ಇದ್ದದ್ದು ಆರ್ಕೇಡ್ ಅಂಗಡಿಗಳಲ್ಲಿ. ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆ. ಅದರಲ್ಲೇ ದುಬಾರಿ ಮಾದರಿ ಒಂದಿತ್ತು, ಸ್ಟೀರಿಂಗ್ ತಿರುಗಿಸಿದ ಹಾಗೆ ಇಡೀ ಸೀಟೇ ವಾಲುತ್ತಿತ್ತಂತೆ. ಶಿರಸಿ ಪೇಟೆಯಲ್ಲಿ ಬೆಳೆದ ನಮಗೆ ಅಂಥದ್ದೆಲ್ಲ ಎಲ್ಲಿ? ಮಾರಿಕಾಂಬಾ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ತೊಟ್ಟಿಲು ಬರುತ್ತಿತ್ತು, ಬಾವಿಯೊಳಗೆ ಬೈಕ್ ಓಡಿಸುವವರು ಬರುತ್ತಿದ್ದರು. ನಮ್ಮ ಪಾಲಿನ ಆರ್ಕೇಡ್ ಅದೇ. ಔಟ್‌ರನ್ ನನಗೆ ಸಿಕ್ಕಿದ್ದು ಬಹಳ ತಡವಾಗಿ, ಮನೆಯ ಟಿವಿಗೆ ಸಿಕ್ಕಿಸುವ ಪಿಎಸ್2 ಅನ್ನುವ ಆಟದ ಯಂತ್ರದಲ್ಲಿ (ಇಂಥದ್ದಕ್ಕೆ ಕನ್ಸೋಲ್ ಅನ್ನುತ್ತಾರೆ), ಔಟ್‌ರನ್ 2006: ಕೋಸ್ಟ್ 2 ಕೋಸ್ಟ್ ಅನ್ನುವ ಹೆಸರಲ್ಲಿ. ಅದನ್ನು ಕನ್ಸೋಲಿಗೆ ತಂದವರು ಇಂಗ್ಲೆಂಡಿನ ಶೆಫೀಲ್ಡ್‌ನ ಸುಮೋ ಡಿಜಿಟಲ್‌ನವರು. ಸುಜುಕಿಯವರ ತಂಡ 2003ರಲ್ಲಿ ಆರ್ಕೇಡಿಗೆ ಮಾಡಿದ ಔಟ್‌ರನ್ 2 ಮತ್ತು ಅದರ ಮುಂದುವರಿದ ರೂಪ ಎರಡೂ ಒಂದೇ ಡಿಸ್ಕಿನಲ್ಲಿ. ಹದಿನೈದು ಮತ್ತು ಹದಿನೈದು, ಒಟ್ಟು 30 ಹಂತ.

ಮೊದಲ ಹಂತ ಯಾವಾಗಲೂ ಸಮುದ್ರದ ದಂಡೆ. 1986ರ ಆಟದಲ್ಲಿ ಅದರ ಹೆಸರು ಕೋಕೋನಟ್ ಬೀಚ್, ಔಟ್‌ರನ್ 2ರಲ್ಲಿ ಪಾಮ್ ಬೀಚ್. ನೀಲಿ ಆಕಾಶ, ಬದಿಯಲ್ಲಿ ಸಾಲು ಮರ, ಅದರಾಚೆ ನೀರು. ಕಾರವಾರದಿಂದ ಅಂಕೋಲೆ ಕಡೆ ಬಸ್ಸಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಣಗಾ ದಾಟಿದ ಮೇಲೆ ಗುಡ್ಡದ ಮರೆಯಿಂದ ಸಮುದ್ರ ಒಮ್ಮೆ ಕಾಣುತ್ತದೆ, ಮತ್ತೆ ಮಾಯ, ಮತ್ತೆ ಕಾಣುತ್ತದೆ. ಬಸ್ಸಿನ ಆ ಬದಿಯ ಕಿಟಕಿ ಸಿಗಬೇಕು ಅಂತ ನಾವು ಮಕ್ಕಳು ಹೊಡೆದಾಡುತ್ತಿದ್ದೆವು.

ಆಮೇಲೆ ಬರುತ್ತದೆ ಕವಲು. ಈ ಕವಲಿನ ಲೆಕ್ಕ ನನಗೆ ಬಹಳ ಇಷ್ಟ. ಒಂದು ಓಟಕ್ಕೆ ಐದು ಹಂತ, ನಡುವೆ ನಾಲ್ಕು ಕವಲು. ಮೊದಲ ಹಂತ ಒಂದೇ, ಎರಡನೆಯದಕ್ಕೆ ಎರಡು ಆಯ್ಕೆ, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು, ಕೊನೆಗೆ ಐದು ಗುರಿ. ಕೂಡಿದರೆ ಹದಿನೈದು. ದಾರಿಗಳು ಮಾತ್ರ ಹದಿನಾರು. ತೀರಾ ಎಡದ ಗುರಿಗೆ ಹೋಗಲು ಒಂದೇ ದಾರಿ, ನಾಲ್ಕು ಸಲವೂ ಎಡಕ್ಕೇ ತಿರುಗಬೇಕು. ತೀರಾ ಬಲದ್ದೂ ಹಾಗೆಯೇ. ಆದರೆ ನಟ್ಟನಡುವಿನ ಗುರಿಗೆ ಆರು ದಾರಿ. ಎಡ ಎಡ ಬಲ ಬಲ ಅಂತ ಹೋದರೂ ಅಲ್ಲಿಗೇ, ಬಲ ಎಡ ಬಲ ಎಡ ಅಂತ ಹೋದರೂ ಅಲ್ಲಿಗೇ. ಸೇರುವ ಜಾಗ ಒಂದೇ, ದಾರಿಯಲ್ಲಿ ನೋಡಿದ್ದು ಬೇರೆ. ಓಟ ಮುಗಿದ ಮೇಲೆ ಆಟ ಒಂದು ನಕ್ಷೆ ತೋರಿಸುತ್ತದೆ, ನೀವು ಹೋದ ದಾರಿ ಅದರಲ್ಲಿ ಗೆರೆಯಾಗಿ ಮೂಡುತ್ತದೆ. ನಾನು ಆ ನಕ್ಷೆಯನ್ನೇ ನೋಡುತ್ತಾ ಕೂರುತ್ತಿದ್ದೆ, ಹೋಗದೇ ಬಿಟ್ಟ ಗೆರೆಗಳನ್ನು.

ಈಗ ನಮ್ಮ ಜಿಲ್ಲೆಯ ನಕ್ಷೆ ತೆಗೆಯಿರಿ. ಕಾರವಾರದಿಂದ ತೆಂಕಣಕ್ಕೆ ಹೆದ್ದಾರಿ 66 ಹಿಡಿಯಿರಿ. ಹಳಬರಿಗೆ ಅದು ಇನ್ನೂ ಹದಿನೇಳೇ. ಬಲಕ್ಕೆ ಸಮುದ್ರ, ಎಡಕ್ಕೆ ಸಹ್ಯಾದ್ರಿ. ಕಾರವಾರದಲ್ಲೇ ಎಡಕ್ಕೆ ತಿರುಗಿದರೆ ಕಾಳಿ ನದಿಗುಂಟ ಕದ್ರಾ, ಕೈಗಾ. ತಿರುಗದೆ ಮುಂದೆ ಬಂದರೆ ಅಂಕೋಲಾ, ಅಲ್ಲಿ ಎಡಕ್ಕೆ ಹೋದರೆ ಅರಬೈಲು ಘಟ್ಟ ಹತ್ತಿ ಯಲ್ಲಾಪುರ. ಅಲ್ಲೂ ತಿರುಗದಿದ್ದರೆ ಗಂಗಾವಳಿ ದಾಟಿ, ಮಿರ್ಜಾನ್ ಕೋಟೆ ದಾಟಿ, ಅಘನಾಶಿನಿ ದಾಟಿ ಕುಮಟಾ. ಅಲ್ಲಿ ಎಡಕ್ಕೆ ದೇವಿಮನೆ ಘಟ್ಟ, ಮೇಲೆ ಶಿರಸಿ. ಬೇಡ ಅಂದರೆ ಹೊನ್ನಾವರ, ಅಲ್ಲಿ ಎಡಕ್ಕೆ ಶರಾವತಿಯ ಜೊತೆಜೊತೆಗೇ ಗೇರುಸೊಪ್ಪೆ, ಘಟ್ಟ, ಜೋಗ. ಅದೂ ಬೇಡ ಅಂದರೆ ಸೀದಾ ಮುರ್ಡೇಶ್ವರ, ಭಟ್ಕಳ. ನಾಲ್ಕು ಕವಲು, ಐದು ಕೊನೆ! ನಮ್ಮದು ಆಟದ ಹಾಗೆ ಹರಡಿಕೊಳ್ಳುವ ಮರವಲ್ಲ, ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಬದಿಗೆ ಚಾಚಿದ ದಾರಿಗಳು, ಅದು ಸರಿ. ಆದರೂ ಕರಾವಳಿ ಬಿಟ್ಟು ಯಾವ ಊರಲ್ಲಿ ಘಟ್ಟಕ್ಕೆ ತಿರುಗಬೇಕು ಅನ್ನುವ ಪ್ರಶ್ನೆ ಇಲ್ಲಿಯವರಿಗೆ ಹುಟ್ಟಿನಿಂದ ಬಂದದ್ದು. ಮದುವೆ ಕರೆಯೋಲೆ ಹಂಚಲು ಹೊರಟಾಗ, ಆಸ್ಪತ್ರೆಗೆ ಹೊರಟಾಗ, ಮಳೆಗೆ ಯಾವ ಘಟ್ಟ ಬಂದ್ ಆಗಿದೆ ಅಂತ ವಿಚಾರಿಸುವಾಗ, ಎಲ್ಲಾ ಸಲವೂ ಇದೇ ಮಾತು.

ಔಟ್‌ರನ್ ಬಗ್ಗೆ ಒಂದು ಆಕ್ಷೇಪ ಕೇಳಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನೊಬ್ಬ, ದೊಡ್ಡಪ್ಪನ ಮಗ, ಗ್ರಾನ್ ಟೂರಿಸ್ಮೋ ಅನ್ನುವ ಇನ್ನೊಂದು ಕಾರಿನ ಆಟ ಆಡುವವನು, ಇದನ್ನು ಹೇಳುತ್ತಿದ್ದ. ಒಂದು ನಿಮಿಷದ ಹಿಂದೆ ಸಮುದ್ರ ಇತ್ತು, ಈಗ ಬೆಟ್ಟ, ಇನ್ನೊಂದು ನಿಮಿಷಕ್ಕೆ ಹಿಮ ಅಥವಾ ಮರುಭೂಮಿ, ಇದೆಂಥ ಭೂಗೋಳ ಅಂತ. ಅವನ ಮಾತು ಒಪ್ಪುವಂಥದ್ದಲ್ಲ. ಹಿಮ, ಮರುಭೂಮಿ ಆಚೆಗಿರಲಿ, ಅವನೂ ಕುಮಟೆಯಿಂದ ಶಿರಸಿಗೆ ಎಷ್ಟೋ ಸಲ ಬಂದವನೇ ಅಲ್ವಾ?

ಆ ದಾರಿ ಸುಮಾರು 60 ಕಿಲೋಮೀಟರ್ ಅಷ್ಟೇ. ಕುಮಟೆಯಲ್ಲಿ ಬಸ್ಸು ಹತ್ತುವಾಗ ಮೈಗೆ ಅಂಟುವ ಬೆವರು, ಮೀನಿನ ವಾಸನೆ, ತೆಂಗು. ಕತಗಾಲ ಬರುವಷ್ಟರಲ್ಲಿ ಗಾಳಿಯ ಅಂಟು ಕಡಿಮೆಯಾಗಿರುತ್ತದೆ. ಆಮೇಲೆ ಬಸ್ಸು ಎರಡನೇ ಗೇರಿಗೆ ಬೀಳುತ್ತದೆ, ತಿರುವು ಶುರು. ಬೆಳಕು ಹಸಿರಾಗುತ್ತದೆ. ದೇವಿಮನೆ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಅಲ್ಲಿ ಇಳಿದರೆ ಕೆಳಗೆ ಬಿಟ್ಟು ಬಂದ ಸೆಕೆ ಸುಳ್ಳೇ ಅನ್ನಿಸುವಷ್ಟು ಥಂಡಿ. ಅಲ್ಲಿಂದ ಮುಂದೆ ಅಡಿಕೆ ತೋಟ, ಬೆಟ್ಟ, ಗದ್ದೆ, ಹೆಂಚಿನ ಮನೆ. ಮಾತೂ ಬೇರೆ, ಊಟವೂ ಬೇರೆ. ಘಟ್ಟದ ಕೆಳಗಿನವರು, ಘಟ್ಟದ ಮೇಲಿನವರು ಅಂತ ನಾವು ಒಬ್ಬರನ್ನೊಬ್ಬರು ಕರೆಯುವುದು ಸುಮ್ನೆ ಅಲ್ಲ. ಅದೇ ದಾರಿ ಇನ್ನೂ ಮೂಡಣಕ್ಕೆ ಹೋದರೆ ಬನವಾಸಿ ಬಯಲು, ಮುಂಡಗೋಡಿನ ಹೊಲ, ಹತ್ತಿ, ಗೋವಿನಜೋಳ. ಒಂದೇ ಜಿಲ್ಲೆ. ಬೆಳಗ್ಗೆ ಸಮುದ್ರದಲ್ಲಿ ಕಾಲು ತೊಳೆದು ಹೊರಟವನು ಮಧ್ಯಾಹ್ನದೊಳಗೆ ಇಷ್ಟೂ ನೋಡಬಹುದು. ಹಂತ ಮುಗಿಯುತ್ತಿದ್ದ ಹಾಗೆ ಟಿವಿಯಲ್ಲಿ ಆಕಾಶದ ಬಣ್ಣ ಬದಲಾದರೆ ನನಗೆ ಸುಳ್ಳು ಅನ್ನಿಸುವುದೇ ಇಲ್ಲ. ನಾನು ನೋಡಿಕೊಂಡು ಬೆಳೆದದ್ದೇ ಅಂಥ ದಾರಿ.

ಮೂಲ ಆಟದಲ್ಲಿ ಈ ದೃಶ್ಯಗಳನ್ನೆಲ್ಲ ಹೇಗೆ ಮಾಡಿದರು ಅನ್ನುವುದೂ ಹೇಳಬೇಕು. 1986ರಲ್ಲಿ ಇವತ್ತಿನ ಹಾಗೆ ಮೂರು ಆಯಾಮದ ಚಿತ್ರ ಕಟ್ಟುವ ಶಕ್ತಿ ಆಟದ ಯಂತ್ರಗಳಿಗೆ ಇರಲಿಲ್ಲ. ಅವರು ಬಳಸಿದ್ದು ಚಪ್ಪಟೆ ಚಿತ್ರಗಳನ್ನೇ. ಒಂದು ತೆಂಗಿನ ಮರದ ಚಿತ್ರ ದೂರದಲ್ಲಿ ಚುಕ್ಕೆಯಷ್ಟು ಚಿಕ್ಕದಾಗಿ ಕಾಣಿಸಿಕೊಳ್ಳುತ್ತದೆ, ಕ್ಷಣಕ್ಷಣಕ್ಕೂ ದೊಡ್ಡದಾಗುತ್ತಾ ಬಂದು ಪರದೆಯ ಅಂಚಿನಿಂದ ಆಚೆ ಹಾರಿ ಹೋಗುತ್ತದೆ. ಅಂಥ ನೂರಾರು ಚಿತ್ರ, ಒಂದರ ಹಿಂದೆ ಒಂದು. ರಸ್ತೆ ಅನ್ನುವುದು ಅಡ್ಡಗೆರೆಗಳ ರಾಶಿ. ಒಂದೊಂದು ಗೆರೆಯನ್ನೂ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ರಸ್ತೆ ತಿರುಗಿದ ಹಾಗೆ ಕಾಣುತ್ತದೆ. ಅವುಗಳ ನಡುವಿನ ಅಂತರ ಹೆಚ್ಚುಕಮ್ಮಿ ಮಾಡಿದರೆ ಏರು, ಇಳಿತ. ಏರು ಹತ್ತಿ ತುದಿಗೆ ಬಂದಾಗ ಮುಂದಿನ ರಸ್ತೆ ಕಾಣದೆ, ಮರುಕ್ಷಣ ಕೆಳಗೆ ಹರಡಿಕೊಳ್ಳುತ್ತದಲ್ಲ, ಅದು ಬರೀ ಗೆರೆಗಳ ಲೆಕ್ಕ ಅಂತ ಗೊತ್ತಿದ್ದರೂ ಹೊಟ್ಟೆಯಲ್ಲಿ ಝುಂ ಅನ್ನುತ್ತದೆ. ಇಷ್ಟನ್ನು ಎಳೆಯಲು ಸೆಗಾದವರು ಅದಕ್ಕೆಂದೇ ಯಂತ್ರ ಕಟ್ಟಬೇಕಾಯಿತು. ಹಾಗಾಗಿ ಮನೆಯ ಕನ್ಸೋಲ್‌ಗೆ ಅದು ಪೂರ್ತಿಯಾಗಿ ಬರಲು ವರ್ಷಗಳೇ ಹಿಡಿದವು. 1987ರಲ್ಲಿ ಮಾಸ್ಟರ್ ಸಿಸ್ಟಂಗೆ ಬಂತು, 1991ರಲ್ಲಿ ಮೆಗಾ ಡ್ರೈವ್‌ಗೆ ಬಂತು, ಎರಡೂ ಸೊರಗಿದ ರೂಪ. ಸ್ಯಾಟರ್ನ್ ಕನ್ಸೋಲ್‌ನಲ್ಲಿ 1996ರಲ್ಲಿ ಬಂದಾಗಲೇ ಅಂಗಡಿಯ ಆಟ ಹೆಚ್ಚುಕಡಿಮೆ ಹಾಗೇ ಮನೆಯೊಳಗೆ ಬಂದದ್ದು.

ಮನೆಗೆ ಬಂದಾಗ ಒಂದು ವಿಷಯ ಬದಲಾಯಿತು. ಅಂಗಡಿಯಲ್ಲಿ ಸಮಯ ಅಂದರೆ ದುಡ್ಡು. ಸಮಯ ಮುಗಿಯುವುದರೊಳಗೆ ಚೆಕ್‌ಪಾಯಿಂಟ್, ಅಂದರೆ ದಾರಿಯಲ್ಲಿ ಮುಂದಿನ ಗುರುತು, ಮುಟ್ಟದಿದ್ದರೆ ಆಟ ನಿಲ್ಲುತ್ತದೆ, ಇನ್ನೊಂದು ನಾಣ್ಯ ಬೇಕು. ಮನೆಯಲ್ಲಿ ನಾಣ್ಯ ಬೇಡ, ಗಡಿಯಾರ ಮಾತ್ರ ಹಾಗೇ ಉಳಿಯಿತು. ನನಗೆ ಅದು ಉಳಿದದ್ದೇ ಒಳ್ಳೆಯದು ಅನ್ನಿಸುತ್ತದೆ. ಒಂದು ಓಟ ಐದಾರು ನಿಮಿಷದ್ದು. ಅಷ್ಟರಲ್ಲಿ ನಿಂತು ನೋಡಲು ಬಿಡುವಿಲ್ಲ. ಅದಕ್ಕೇ ಕಣ್ಣಂಚಿನಲ್ಲಿ ಹಾದುಹೋದ ಒಂದು ಗೋಪುರ, ಒಂದು ಹೂವಿನ ಹೊಲ ಮನಸ್ಸಿನಲ್ಲಿ ನಿಲ್ಲುತ್ತದೆ. ಮತ್ತೆ ಹೋಗಬೇಕು ಅನ್ನಿಸುತ್ತದೆ.

ಕಾರು ಓಡಿಸುವ ರೀತಿಗೆ ಬರೋಣ. ಔಟ್‌ರನ್ 2ರ ಜೀವ ಇರುವುದು ಡ್ರಿಫ್ಟ್‌ನಲ್ಲಿ. ತಿರುವು ಹತ್ತಿರ ಬಂದಾಗ ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಒಂದು ಸಲ ಚೂರು ಮುಟ್ಟಿ, ಕಾರು ತಿರುಗಿಸಿ ಮತ್ತೆ ಆಕ್ಸಿಲರೇಟರ್ ಒತ್ತಬೇಕು. ಹಿಂಬದಿ ಜಾರಿಕೊಂಡು ಕಾರು ಅಡ್ಡವಾಗುತ್ತದೆ. ಆಮೇಲೆ ಅಡ್ಡವಾಗಿಯೇ ತಿರುವು ಮುಗಿಯುವ ತನಕ ಹೋಗಬಹುದು. ಸ್ವಲ್ಪ ಈಚೆ, ಸ್ವಲ್ಪ ಆಚೆ ಕೈ ಆಡಿಸುತ್ತಿದ್ದರೆ ಆಯಿತು. ವೇಗ ಹೆಚ್ಚೇನೂ ಕಮ್ಮಿಯಾಗುವುದಿಲ್ಲ. ನಿಜದ ಕಾರು ಇಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಗ್ರಾನ್ ಟೂರಿಸ್ಮೋ 1997ರಿಂದಲೂ ಟೈರು, ಭಾರ, ಬ್ರೇಕಿನ ಲೆಕ್ಕ ಇಟ್ಟುಕೊಂಡು ಬಂದ ಆಟ, ಅದರ ಮೇಲೆ ನನಗೆ ಗೌರವ ಇದೆ. ಅದು ಕಾರು ಹೇಗಿರುತ್ತದೆ ಅಂತ ತೋರಿಸುತ್ತದೆ. ಔಟ್‌ರನ್ ತೋರಿಸುವುದು ದಾರಿ ಹೇಗಿರುತ್ತದೆ ಅನ್ನುವುದನ್ನು. ಅದಕ್ಕೋಸ್ಕರ ಕಾರನ್ನು ಹಗುರ ಮಾಡಿದೆ. ಕೈಗೆ ಕೆಲಸ ಕಡಿಮೆಯಾದಾಗ ಕಣ್ಣು ಹೊರಗೆ ಹೋಗುತ್ತದೆ, ಬಸ್ಸಿನ ಕಿಟಕಿ ಪಕ್ಕ ಕೂತವರ ಕಣ್ಣು ಹೋಗುವ ಹಾಗೆಯೇ.

ನಮ್ಮನೆಯಲ್ಲಿ ಈ ಆಟದ ಕಿಟಕಿ ಸೀಟು ಆಯಿಯದು, ಅಂದರೆ ಅಮ್ಮನದು.

ಆಯಿಗೆ ಘಟ್ಟದ ದಾರಿ ಆಗಿ ಬರುತ್ತಿರಲಿಲ್ಲ. ಕುಮಟೆಯ ತವರಿಗೆ ಹೋಗುವಾಗೆಲ್ಲ ಸೆರಗಿನ ತುದಿಯಲ್ಲಿ ಒಂದು ನಿಂಬೆಹಣ್ಣು. ದೇವಿಮನೆ ಇಳಿಯುವ ತನಕ ಅದನ್ನು ಮೂಸುತ್ತಾ, ಕಣ್ಣು ಮುಚ್ಚಿ ಕೂರುವುದು. ಹೀಗಾಗಿ ಅಷ್ಟು ಸಲ ಓಡಾಡಿದ ದಾರಿಯ ಅರ್ಧವನ್ನು ಅವಳು ನೋಡೇ ಇರಲಿಲ್ಲ. ಟಿವಿಯಲ್ಲಿ ನಾನು ಆಡುವಾಗ ಮಾತ್ರ ಅಡಿಕೆ ಸುಲಿಯುತ್ತಾ ಕೂತು ಕಣ್ಣು ಕೀಳದೆ ನೋಡುತ್ತಿದ್ದಳು. ಕವಲು ಬರುವುದು ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ‘ಸಮುದ್ರದ ಬದಿಗೆ ಹೋಗು ಮಾಣಿ’ ಅನ್ನುವಳು. ಸಮುದ್ರ ಯಾವ ಬದಿಗಿದೆ ಅಂತ ಆ ಕ್ಷಣಕ್ಕೆ ನನಗೂ ತಿಳಿಯುತ್ತಿರಲಿಲ್ಲ. ಆಟ ಮೊದಲ ಹಂತದಲ್ಲಿ ಸಮುದ್ರ ತೋರಿಸಿ ಒಳನಾಡಿಗೆ ಎಳೆದುಕೊಂಡು ಹೋಗುತ್ತದೆ. ತವರು ಬಿಟ್ಟು ಘಟ್ಟದ ಮೇಲಿನ ಮನೆಗೆ ಬಂದವಳಿಗೆ ಅದು ಸರಿ ಕಾಣುತ್ತಿರಲಿಲ್ಲ. ಕೊನೆಯ ಐದು ಗುರಿಗಳಲ್ಲಿ ಕೇಪ್ ವೇ ಅಂತ ಒಂದಿದೆ, ಅಲ್ಲಿ ಮತ್ತೆ ಸಮುದ್ರ. ಆ ದಾರಿಗೆ ಯಾವ ಕವಲಲ್ಲಿ ಹೇಗೆ ತಿರುಗಬೇಕು ಅನ್ನುವುದನ್ನು ಅವಳು ನನಗಿಂತ ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಳು. ಎರಡನೇ ಗುಂಪಿನ ಹಂತಗಳಲ್ಲಿ ದೊಡ್ಡ ಜಲಪಾತದ ಪಕ್ಕ ಹಾದುಹೋಗುವ ರಸ್ತೆ ಒಂದಿದೆ. ಅದನ್ನು ನೋಡಿ, ಮಳೆಗಾಲದ ಜೋಗ ಇದಕ್ಕಿಂತ ಚಂದ ಅಂತ ತೀರ್ಪು ಕೊಟ್ಟಿದ್ದಳು. ನನಗೂ ಹಾಗೇ ಅನ್ನಿಸುತ್ತದೆ.

ಈ ಕನ್ಸೋಲ್ ಆಟದಲ್ಲಿ ಹಾರ್ಟ್ ಅಟ್ಯಾಕ್ ಅಂತ ಒಂದು ಬಗೆ ಇದೆ. ಪಕ್ಕದಲ್ಲಿ ಕೂತ ಗೆಳತಿ ದಾರಿಯುದ್ದಕ್ಕೂ ಏನೇನೋ ಕೇಳುತ್ತಾಳೆ. ಇಲ್ಲಿ ಡ್ರಿಫ್ಟ್ ಮಾಡು, ಆ ಕಾರುಗಳನ್ನು ದಾಟು, ಎಲ್ಲೂ ತಾಗಿಸಬೇಡ. ಅವಳು ಹೇಳಿದಂತೆ ಓಡಿಸಿದರೆ ಹೃದಯದ ಗುರುತುಗಳು ಸಿಗುತ್ತವೆ. ಬೇರೆ ಹೆಚ್ಚಿನ ರೇಸಿಂಗ್ ಆಟಗಳಲ್ಲಿ ಡ್ರೈವರ್ ಒಬ್ಬಂಟಿ. ಇಲ್ಲಿ ಪಕ್ಕದಲ್ಲಿ ಕೂತವರ ಖುಷಿಗಾಗಿ ಗಾಡಿ ಓಡಿಸುವುದು. ಮನೆಮಂದಿಯನ್ನು ಕೂರಿಸಿಕೊಂಡು ಗಾಡಿ ಓಡಿಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಹಾಡುಗಳ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಹೊರಡುವ ಮೊದಲೇ ರೇಡಿಯೋ ತಿರುಗಿಸಿ ಸಂಗೀತ ಆರಿಸಿಕೊಳ್ಳಬೇಕು. ಮೂಲ ಆಟದಲ್ಲಿ ಮೂರು ಟ್ಯೂನ್ ಇದ್ದವು, ಹಿರೋಶಿ ಕವಾಗುಚಿ ಅವರದ್ದು. ಹೆಸರುಗಳಲ್ಲೇ ಗಾಳಿ, ಅಲೆ: ಪಾಸಿಂಗ್ ಬ್ರೀಜ್, ಸ್ಪ್ಲ್ಯಾಶ್ ವೇವ್, ಮ್ಯಾಜಿಕಲ್ ಸೌಂಡ್ ಶವರ್. ಗಾಡಿಯ ಕೀಲಿ ತಿರುಗಿಸುವ ಮೊದಲು ದಾರಿಗೆ ಯಾವ ಹಾಡು ಅಂತ ಯೋಚಿಸುವುದು, ಹೊರಡುವ ಖುಷಿಯ ಅರ್ಧ ಪಾಲು ಅದೇ ಅಲ್ವಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ನಾಲ್ಕನೇ ಹಂತದಲ್ಲಿರುವಾಗ ಟಿವಿ ಕಪ್ಪಾದರೆ ಮನೆಯಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದೊಂದೇ. ಆಯಿ ನಿಂತ ಟ್ಯೂನನ್ನು ಅಲ್ಲಿಂದಲೇ ಗುನುಗುತ್ತಿದ್ದಳು, ಅಡಿಕೆ ಸುಲಿಯುವ ಕೈ ನಿಲ್ಲಿಸದೆ.

ಈ ಆಟದಲ್ಲಿ ಕಾರು ಎಲ್ಲಿಗಾದರೂ ಗುದ್ದಿದರೆ ಪಲ್ಟಿ ಹೊಡೆಯುತ್ತದೆ, ಇಬ್ಬರೂ ಎದ್ದು ಕೂರುತ್ತಾರೆ, ಮತ್ತೆ ಹೊರಡುತ್ತಾರೆ. ರಸ್ತೆ ಹೋಗಿಬಿಡುವುದಿಲ್ಲ. ನಮ್ಮ ದಾರಿಗಳು ಹಾಗಲ್ಲ ಅಂತ 2024ರ ಮಳೆಗಾಲ ಕಲಿಸಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು. ರಸ್ತೆ ಬದಿಯ ಚಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿ ಎಲ್ಲ ಮಣ್ಣಿನ ಜೊತೆ ಗಂಗಾವಳಿಯ ಪಾಲಾಯಿತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಗೆ. ಅದೇ ವರ್ಷ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಆ ದಿನಗಳಲ್ಲಿ ನಾನು ಆಟಕ್ಕೆ ಕೈ ಹಾಕಲಿಲ್ಲ. ಅಂಚಿನಲ್ಲಿ ಚಾ ಅಂಗಡಿ ಇರುವ ರಸ್ತೆಯನ್ನು ವೇಗವಾಗಿ ದಾಟಲು ಮನಸ್ಸು ಬರಲಿಲ್ಲ.

ಮತ್ತೆ ಹಿಡಿದಾಗ ಒಂದು ಸ್ಪಷ್ಟವಾಗಿತ್ತು. ವೇಗ ಅನ್ನುವುದು ಟಿವಿಯ ಒಳಗಿನ ರಸ್ತೆಗೆ ಸೇರಿದ್ದು. ಮೂಲ ಆಟದಲ್ಲಿ ಮೀಟರ್ 293 ಕಿಲೋಮೀಟರ್ ತನಕ ಹೋಗುತ್ತದೆ. ಅರಬೈಲಿನಲ್ಲಿ ಲಾರಿಗಳ ಹಿಂದೆ ನಾವು ಇಪ್ಪತ್ತರಲ್ಲಿ ಹತ್ತುತ್ತೇವೆ, ಹಾಗೇ ಹತ್ತಬೇಕು. ಹೆದ್ದಾರಿ 66 ಅಗಲವಾದ ಮೇಲೆ ಹುಡುಗರು ಬೈಕಿನಲ್ಲಿ ಅದನ್ನು ಆಟದ ರಸ್ತೆ ಮಾಡಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಡ್ರಿಫ್ಟ್ ಬೇಕಾದರೆ ಮನೆಗೆ ಬನ್ನಿ, ಎರಡನೇ ಕಂಟ್ರೋಲರ್ ಇದೆ.

ಇಂಥ ಆಟ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಕಾರಣ ಆ ಕಾರುಗಳು. 1986ರಲ್ಲಿ ಸೆಗಾ ಫೆರಾರಿ ಕಂಪನಿಯ ಅನುಮತಿ ಇಲ್ಲದೆಯೇ ಟೆಸ್ಟರೋಸಾ ಹೋಲುವ ಕಾರು ಬರೆದಿತ್ತು. ಔಟ್‌ರನ್ 2ರ ಹೊತ್ತಿಗೆ ಅಧಿಕೃತ ಪರವಾನಗಿ ಬಂತು, ನಿಜದ ಫೆರಾರಿಗಳೇ ಬಂದವು. ಆ ಪರವಾನಗಿ ಮುಗಿದಾಗ ಆಟವೂ ಮಾರಾಟದಿಂದ ಹೋಯಿತು. 2009ರಲ್ಲಿ ಡೌನ್‌ಲೋಡ್ ಮಾಡಿಕೊಳ್ಳುವ ರೂಪದಲ್ಲಿ ಔಟ್‌ರನ್ ಆನ್‌ಲೈನ್ ಆರ್ಕೇಡ್ ಬಂದಿತ್ತು, ಅದನ್ನೂ ಕೆಲವೇ ವರ್ಷಗಳಲ್ಲಿ ತೆಗೆದರು. ಒಂದು ಕಾಗದದ ಅವಧಿ ಮುಗಿದದ್ದಕ್ಕೆ ಹದಿನಾರು ದಾರಿ ಬಂದ್. ಪುಸ್ತಕವಾದರೆ ಗ್ರಂಥಾಲಯದಲ್ಲಾದರೂ ಒಂದು ಪ್ರತಿ ಇರುತ್ತದೆ. ಆಟಗಳಿಗೆ ಅಂಥ ಗ್ರಂಥಾಲಯ ನಮ್ಮ ಕಡೆ ಎಲ್ಲಿದೆ? ನನಗೆ ಈ ವಿಷಯದಲ್ಲಿ ನಿಜಕ್ಕೂ ಸಿಟ್ಟಿದೆ. ಜನ ವರ್ಷಗಟ್ಟಲೆ ಕೂತು ಇಷ್ಟು ಪ್ರೀತಿಯಿಂದ ಮಾಡಿದ್ದನ್ನು ಹೀಗೆ ಕಳೆದುಕೊಳ್ಳಬಾರದು.

1986ರ ಆಟವನ್ನು ಆಡುವ ದಾರಿ ಮಾತ್ರ ಇದೆ. ಸೆಗಾ ಏಜಸ್ ಅನ್ನುವ ಸರಣಿಯಲ್ಲಿ ಅದು ನಿಂಟೆಂಡೋ ಸ್ವಿಚ್‌ಗೆ ಬಂದಿದೆ, ಕಾರಿನ ರೂಪ ಸ್ವಲ್ಪ ಬದಲಾಯಿಸಿಕೊಂಡು. 2006ರದ್ದಕ್ಕೆ ಹಳೇ ಡಿಸ್ಕೇ ಗತಿ. ಪಿಎಸ್2 ಪ್ರಪಂಚದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಕನ್ಸೋಲ್, ನಮ್ಮ ಕಡೆಯ ಮನೆಗಳ ಅಟ್ಟದಲ್ಲೂ ಇನ್ನೂ ಎಷ್ಟೋ ಇರಬೇಕು. ಕಾರವಾರ, ಕುಮಟಾ, ಶಿರಸಿ, ಎಲ್ಲೇ ಇರಲಿ, ಮನೆ ಗುಡಿಸುವಾಗ ಅಂಥದ್ದೊಂದು ಸಿಕ್ಕರೆ ಗುಜರಿಗೆ ಹಾಕಬೇಡಿ. ಡಿಸ್ಕಿನ ಮೇಲೆ ಔಟ್‌ರನ್ ಅಂತ ಇದ್ದರೆ ನನಗೊಂದು ಮಾತು ತಿಳಿಸಿ. ನನ್ನ ಡಿಸ್ಕಿಗೆ ಗೀರು ಬಿದ್ದು ಕೇಪ್ ವೇ ಹಂತದ ಹತ್ತಿರ ತಡವರಿಸುತ್ತಿದೆ, ಆಯಿ ದಿನಾ ಕೇಳುತ್ತಾಳೆ.